ಬಾಡಿಗೆಯ ಋಣವೂ ವಿಶ್ವೇಶ್ವರಯ್ಯನವರ ಬಾಳೂ

ತಿಂಗಳ ಮೊದಲ ವಾರ ಬಂದಿತೆಂದರೆ ಸರಸ್ವತಿಪುರಂನ ಅಡ್ಡರಸ್ತೆಗಳಲ್ಲಿ ಎರಡು ಬಗೆಯ ನಡಿಗೆಯನ್ನು ನಾವು ಕಾಣುತ್ತೇವೆ. ಮನೆಯ ಯಜಮಾನರನ್ನು ಕಂಡು, ನಿಂತು, ನಮಸ್ಕರಿಸಿ ಮುಂದೆ ಹೋಗುವವರದು ಒಂದು. ಯಜಮಾನರು ಜಗಲಿಯ ಮೇಲೆ ಕುಳಿತಿರುವುದನ್ನು ತಿರುವಿನಲ್ಲಿಯೇ ಕಂಡು ದಾರಿಯನ್ನು ಬದಲಿಸುವವರದು ಇನ್ನೊಂದು. ವಿಶ್ವವಿದ್ಯಾನಿಲಯಕ್ಕೆ ನೆರೆಯಾದ ಈ ಬಡಾವಣೆಯಲ್ಲಿ ಕೊಠಡಿ ಹಿಡಿದು ಓದುವ ತರುಣರು ಬಹುಮಂದಿ. ಊರಿನಿಂದ ಹಣ ಬರುವುದು ತಡವಾದರೆ ಅವರ ಬಾಡಿಗೆಯೂ ತಡ. ಬಾಡಿಗೆ ತಡವಾದರೆ ಅವರ ಮುಖವೂ ಕಾಣೆ.

ಇದನ್ನು ನಾವು ಪರಿಹಾಸ್ಯಕ್ಕಾಗಿ ಬರೆಯುತ್ತಿಲ್ಲ. ಕಾಗದದ ಬೆಲೆ ಏರಿ, ಜಾಹಿರಾತಿನ ಹಣ ಕೈಸೇರದೆ, ನಮ್ಮ ಅಚ್ಚುಕೂಟದ ಕಟ್ಟಡದ ಬಾಡಿಗೆಯನ್ನು ನಾವೇ ಒಮ್ಮೆ ಮೂರು ತಿಂಗಳು ಸಲ್ಲಿಸಲಾರದೆ ಹೋದೆವು. ಕಟ್ಟಡದ ಯಜಮಾನರ ಬೀದಿಯನ್ನು ತಪ್ಪಿಸಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸುತ್ತಿಕೊಂಡು ಮನೆ ಸೇರುತ್ತಿದ್ದೆವು. ಒಂದು ಸಂಜೆ ಆ ಯಜಮಾನರೇ ವಾಯುಸೇವನೆಗೆಂದು ಏರಿಯ ಮೇಲೆ ಬಂದು ನಮಗೆ ಎದುರಾದರು. ಅವರು ಹಣವನ್ನು ಕೇಳಲಿಲ್ಲ. ಬಹುದಿನದಿಂದ ಕಾಣದಿದ್ದುದರಿಂದ ಕಾಯಿಲೆಯಾಗಿತ್ತೇ ಎಂದು ವಿಚಾರಿಸಿದರು. ನಾವು ಆ ದಿನ ಪಟ್ಟ ನಾಚಿಕೆ ಮೂರು ತಿಂಗಳ ಬಾಕಿಗಿಂತ ಭಾರವಾದದ್ದು. ಬಡತನವು ದೋಷವಲ್ಲ, ಅದನ್ನು ಮರೆಮಾಡಲು ಹೋಗುವುದೇ ದೋಷವೆಂಬುದನ್ನು ಅಂದು ಕಲಿತೆವು. ಆ ಪಾಠವನ್ನು ಬಹು ಹಿಂದೆಯೇ ಬಾಳಿನಲ್ಲಿ ನಡೆಸಿ ತೋರಿಸಿದ ಒಬ್ಬ ಮಹನೀಯರ ಚರಿತ್ರೆಯನ್ನು ಈ ದೃಷ್ಟಿಯಿಂದ ಇಂದು ನೆನೆಯಬೇಕೆಂದು ನಮ್ಮ ಇಚ್ಛೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಆದರೆ ಜನರು ಅವರನ್ನು ನೆನೆಯುವುದು ಜರಿಯ ಪೇಟ ಧರಿಸಿದ ದಿವಾನರನ್ನಾಗಿ, ಕನ್ನಂಬಾಡಿಯ ಕಟ್ಟೆಯ ಕರ್ತೃವನ್ನಾಗಿ. ಬೆಂಗಳೂರಿನಲ್ಲಿ ತಲೆಯ ಮೇಲೊಂದು ಸೂರಿಗಾಗಿ ಪರದಾಡಿದ ಹುಡುಗನನ್ನು ನೆನೆಯುವವರು ಕಡಿಮೆ. ನಮ್ಮ ಪ್ರಯೋಜನಕ್ಕೆ ಇಂದು ಬೇಕಾದವನು ಆ ಹುಡುಗ.

೧೮೬೧ನೆಯ ಇಸವಿಯ ಸೆಪ್ಟೆಂಬರ್ ೧೫ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಅವರ ಜನನ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ಶಾಸ್ತ್ರವಿತ್ತು, ಸಂಪತ್ತಿರಲಿಲ್ಲ. ಮಗನ ವಿದ್ಯಾಭ್ಯಾಸ ಮುಗಿಯುವ ಮೊದಲೇ ತಂದೆ ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮನವರು ಎದೆಗುಂದಲಿಲ್ಲ. ಚಿಕ್ಕಬಳ್ಳಾಪುರದ ಶಾಲೆಯ ಓದು ಮುಗಿದ ಮೇಲೆ ಹುಡುಗನು ಬೆಂಗಳೂರಿಗೆ ಬಂದನು. ಅಲ್ಲಿ ಸೋದರಮಾವ ರಾಮಯ್ಯನವರಿದ್ದರು. ಅವರ ಆಶ್ರಯ ದೊರೆಯಿತಾದರೂ, ಪುಸ್ತಕ, ಬಟ್ಟೆ, ಶುಲ್ಕ, ವಸತಿ ಎಲ್ಲವನ್ನೂ ಒಬ್ಬರ ಮೇಲೆಯೇ ಹೊರಿಸುವಂತಿರಲಿಲ್ಲ.

ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ವಿಶ್ವೇಶ್ವರಯ್ಯನವರು ಕಂಡುಕೊಂಡ ದಾರಿಯನ್ನು ನಮ್ಮ ತರುಣರು ಗಮನಿಸಬೇಕು. ಕೊಡಗಿನವರಾದ ಮುದ್ದಯ್ಯನವರೆಂಬ ಅಧಿಕಾರಿಗಳೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ಕೆಲಸವನ್ನು ಅವರು ಒಪ್ಪಿಕೊಂಡರು. ಆ ಮನೆಯಲ್ಲಿಯೇ ಇರುವುದಕ್ಕೂ ಮಲಗುವುದಕ್ಕೂ ಸ್ಥಳ ದೊರೆಯಿತು. ಊಟಕ್ಕೆ ಮಾತ್ರ ಸೋದರಮಾವನ ಮನೆಗೆ ನಡೆದು ಹೋಗುವುದು, ಉಂಡು ಹಿಂದಿರುಗುವುದು. ಬೆಂಗಳೂರಿನ ಬಿಸಿಲಿನಲ್ಲಿಯೂ ಮಳೆಯಲ್ಲಿಯೂ ಈ ನಡಿಗೆ ನಿತ್ಯವೂ ಸಾಗಿತು. ಹೀಗೆ ಸೂರು ಒಂದು ಕಡೆ, ಅನ್ನ ಒಂದು ಕಡೆ, ವಿದ್ಯೆ ಮತ್ತೊಂದು ಕಡೆಯಾಗಿ ಅವರು ದಿನಗಳನ್ನು ಕಳೆದರು. ಆದರೆ ಯಾವ ಕಡೆಯಲ್ಲಿಯೂ ಮುಖ ಮರೆಸಿಕೊಳ್ಳಬೇಕಾದ ಸ್ಥಿತಿಯನ್ನು ತಂದುಕೊಳ್ಳಲಿಲ್ಲ. ಕೈಯಲ್ಲಿ ನಾಣ್ಯವಿಲ್ಲದವನು ತನ್ನ ತಲೆಯಲ್ಲಿದ್ದ ಗಣಿತವನ್ನು ಬಾಡಿಗೆಯಾಗಿ ಸಲ್ಲಿಸಿದನು. ಇದು ದಾನವೂ ಅಲ್ಲ, ಸಾಲವೂ ಅಲ್ಲ; ಎರಡು ಕಡೆಯೂ ಗೌರವ ಉಳಿದ ವಿನಿಮಯ.

ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಎಂಬ ಆಂಗ್ಲ ಗುರುಗಳಿಗೆ ಈ ವಿದ್ಯಾರ್ಥಿಯಲ್ಲಿ ವಿಶೇಷ ವಾತ್ಸಲ್ಯವಿತ್ತು. ವಿಶ್ವೇಶ್ವರಯ್ಯನವರು ೧೮೮೧ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಅದೇ ವರ್ಷ ಮೈಸೂರು ಸಂಸ್ಥಾನವು ಬ್ರಿಟಿಷರ ಆಡಳಿತದಿಂದ ಮಹಾರಾಜರ ಕೈಗೆ ಮರಳಿ ಬಂದು, ರಂಗಾಚಾರ್ಲು ಅವರು ದಿವಾನರಾಗಿದ್ದರು. ಸಂಸ್ಥಾನವು ಈ ಬಡ ಪದವೀಧರನಿಗೆ ವಿದ್ಯಾರ್ಥಿವೇತನವನ್ನು ಕೊಟ್ಟು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. ೧೮೮೩ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರೇ ಮೊದಲಿಗರಾದರು. ೧೮೮೪ರಲ್ಲಿ ಮುಂಬಯಿ ಸರಕಾರದ ಮರಾಮತ್ತು ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರರಾಗಿ ನೇಮಕಗೊಂಡರು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಮೈಸೂರಿನ ಹಣದಿಂದ ಓದಿದವರು ಮುಂಬಯಿಗೆ ದುಡಿಯಲು ಹೋದುದು ಸರಿಯೇ? ಮೈಸೂರಿನ ಋಣ ಹಾಗೆಯೇ ಉಳಿಯಿತಲ್ಲವೇ? ಉಳಿಯಿತು, ನಿಜ, ಇಪ್ಪತ್ತೈದು ವರ್ಷಕಾಲ ಉಳಿಯಿತು. ತಡವಾಗಿ ಸಲ್ಲಿಸುವವನು ಸಲ್ಲಿಸದವನಲ್ಲವೆಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ.

ಮುಂಬಯಿ ಪ್ರಾಂತದ ಸೇವೆಯ ಆದಿಯಲ್ಲಿಯೇ ಒಂದು ಪ್ರಸಂಗ ನಡೆಯಿತು. ಖಾನ್‌ದೇಶದಲ್ಲಿ ಪಾಂಜ್ರಾ ನದಿಗೆ ಅಡ್ಡಲಾಗಿ ನೀರಿನ ಕೊಳವೆಯನ್ನು ಹಾಯಿಸುವ ಕಾರ್ಯವನ್ನು ಅವರಿಗೆ ವಹಿಸಿದ್ದರು. ಮಳೆ ಹಿಡಿದು ನದಿಯಲ್ಲಿ ಪ್ರವಾಹ ಬಂದಿತು. ಮಳೆಗಾಲ ಕಳೆಯುವವರೆಗೆ ಕೆಲಸವನ್ನು ತಡೆಯಲು ಅನುಮತಿಯಾಗಬೇಕೆಂದು ಅವರು ಮೇಲಧಿಕಾರಿಗಳಿಗೆ ಬರೆದುಕೊಂಡರು. ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ತರುಣ ಎಂಜಿನಿಯರರು ಸಿಡಿಮಿಡಿಗೊಳ್ಳಲಿಲ್ಲ. ತಮ್ಮ ಬೇಡಿಕೆಯನ್ನು ಹಿಂತೆಗೆದುಕೊಂಡು, ಕಷ್ಟಪಟ್ಟು, ಕೆಲಸವನ್ನು ಪೂರೈಸಿದರು. ಗಡುವು ಮೀರುವ ಸಂಭವವಿದ್ದರೆ ಮುಂಚಿತವಾಗಿಯೇ ಬಾಯಿಬಿಟ್ಟು ಹೇಳುವುದು, ಅವಕಾಶ ಸಿಕ್ಕದಿದ್ದರೆ ಇರುವ ಶಕ್ತಿಯನ್ನೆಲ್ಲ ಹಾಕಿ ನಡೆಸುವುದು, ಈ ಎರಡು ಗುಣಗಳೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಬಾಡಿಗೆಯ ಗಡುವಿಗೂ ನದಿಯ ಗಡುವಿಗೂ ನೀತಿ ಒಂದೇ.

ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅಳವಡಿಸಿ ಅವರು ಪ್ರಸಿದ್ಧರಾದರು. ಮುಂಬಯಿ ಸೇವೆಯನ್ನು ಬಿಟ್ಟ ಮೇಲೆ, ೧೯೦೮ರಲ್ಲಿ ಮೂಸಿ ನದಿಯ ಪ್ರಳಯದಿಂದ ಹಾಳಾದ ಹೈದರಾಬಾದಿಗೆ ಹೋಗಿ ಪ್ರವಾಹರಕ್ಷಣೆಯ ಯೋಜನೆಯನ್ನು ಸಿದ್ಧಪಡಿಸಿದರು. ೧೯೦೯ರಲ್ಲಿ ಮೈಸೂರು ಕರೆಯಿತು. ಮುಖ್ಯ ಎಂಜಿನಿಯರರಾಗಿ ಬಂದರು. ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ೧೯೧೨ರಿಂದ ೧೯೧೮ರವರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದರು. ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಹೀಗೆ ವರ್ಷಕ್ಕೊಂದು ಕಂತಿನಂತೆ ಋಣಸಂದಾಯ ನಡೆಯಿತು. ಅವರ ದಿವಾನಗಿರಿಯ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು ೪,೫೦೦ರಿಂದ ೧೦,೫೦೦ಕ್ಕೆ ಏರಿತು. ಒಬ್ಬ ಹುಡುಗನಿಗೆ ಕೊಟ್ಟ ವಿದ್ಯಾರ್ಥಿವೇತನಕ್ಕೆ ಇದಕ್ಕಿಂತ ಹೆಚ್ಚಿನ ಬಡ್ಡಿಯನ್ನು ಯಾವ ಸಾಹುಕಾರನು ಪಡೆದಿದ್ದಾನೆ? ಇಂದು ಸರಸ್ವತಿಪುರಂನ ಕೊಠಡಿಗಳಲ್ಲಿ ದೀಪ ಹಚ್ಚಿ ಓದುವ ತರುಣರು ಆ ಬಡ್ಡಿಯ ಹಣದಿಂದಲೇ ಬದುಕುತ್ತಿರುವರೆಂದರೆ ತಪ್ಪಾಗದು.

ದಿವಾನ ಪದವಿಯನ್ನು ಸ್ವೀಕರಿಸುವ ಮುನ್ನ ಬಂಧುಗಳನ್ನು ಕರೆಸಿ, ಯಾರೂ ತಮ್ಮಿಂದ ಅನುಗ್ರಹವನ್ನು ಬೇಡಕೂಡದೆಂದು ಅವರು ಮಾತು ತೆಗೆದುಕೊಂಡರೆಂದು ನಾಡಿನಲ್ಲಿ ಹೇಳುತ್ತ ಬಂದಿದ್ದಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ನಷ್ಟದಲ್ಲಿದ್ದಾಗ, ೧೯೨೩ರಿಂದ ಅದರ ಆಡಳಿತವನ್ನು ವಹಿಸಿಕೊಂಡು ನಿಲ್ಲಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತರುಣರಿಗೆ ಕೈಕಸುಬು ಕಲಿಸುವ ವಿದ್ಯಾಲಯಕ್ಕೆಂದು ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ವಿದ್ಯಾಲಯವು ೧೯೪೩ರಲ್ಲಿ ಹಾಗೆ ತಲೆಯೆತ್ತಿತು. ಪಾಠ ಹೇಳಿ ಸೂರು ಸಂಪಾದಿಸಿದ ಹುಡುಗನು, ಮುದಿತನದಲ್ಲಿ ಪಾಠ ಹೇಳುವ ಸೂರನ್ನೇ ಕಟ್ಟಿಸಿದಂತಾಯಿತು. ೧೯೫೫ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ನೂರು ವರ್ಷ ತುಂಬಿದ ಮೇಲೆ, ೧೯೬೨ರ ಏಪ್ರಿಲ್‌ನಲ್ಲಿ, ಅವರು ಕಾಲವಾದರು.

ಚರಿತ್ರೆಯನ್ನು ಬರೆಯುವವರು ಹೊಗಳಿಕೆಯಲ್ಲಿಯೇ ನಿಲ್ಲುವುದು ನ್ಯಾಯವಲ್ಲ. ಸರಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಪಾಲು ದೊರೆಯಬೇಕೆಂಬ ಚಳವಳಿ ಪ್ರಬಲವಾಗಿ, ಮಹಾರಾಜರು ೧೯೧೮ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ವಿಶ್ವೇಶ್ವರಯ್ಯನವರು ಅದನ್ನು ಒಪ್ಪಲಿಲ್ಲ. ಯೋಗ್ಯತೆಗೆ ಚ್ಯುತಿ ಬರುವುದೆಂದು ಭಾವಿಸಿ ಅಧಿಕಾರವನ್ನು ಬಿಟ್ಟರು. ಅವರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಅವರ ನಿರ್ಣಯವನ್ನು ಒಪ್ಪುವುದೂ ಇಲ್ಲ. ಅವರು ಬಡವರಾಗಿದ್ದರು, ನಿಜ. ಆದರೆ ಊಟವಿಕ್ಕಲು ಸೋದರಮಾವನ ಮನೆಯಿತ್ತು, ಬಾಗಿಲು ತೆರೆಯಲು ಮುದ್ದಯ್ಯನವರ ಮನೆಯಿತ್ತು. ಯಾವ ಮನೆಯ ಬಾಗಿಲೂ ತೆರೆಯದ ಹುಡುಗರು ಅಂದಿನ ಮೈಸೂರಿನಲ್ಲಿ ಸಾವಿರಾರು ಮಂದಿ ಇದ್ದರು. ಇಂದಿಗೂ ನಮ್ಮ ನಗರದಲ್ಲಿ ಕೊಠಡಿಯನ್ನು ಕೇಳಲು ಬಂದವನ ಕೈಯಲ್ಲಿ ಮುಂಗಡದ ಹಣವಿದ್ದರೂ, ಮೊದಲು ಜಾತಿಯನ್ನು ವಿಚಾರಿಸುವ ಯಜಮಾನರು ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲೆವೇ? ಬಾಡಿಗೆ ತಡವಾದುದಕ್ಕೆ ಹೊರಗಾಗುವವನ ಕಷ್ಟ ದೊಡ್ಡದು. ಬಾಡಿಗೆ ಕೊಡಲು ಸಿದ್ಧನಿದ್ದರೂ ಒಳಗೆ ಸೇರಲಾರದವನ ಕಷ್ಟ ಅದಕ್ಕಿಂತ ದೊಡ್ಡದು.

ಇನ್ನು ವ್ಯವಹಾರದ ಮಾತು. ಬಾಕಿಯುಳಿದ ಮಾತ್ರಕ್ಕೆ ಸಾಮಾನನ್ನು ಬೀದಿಗೆಸೆದು ಬೀಗ ಹಾಕುವ ಅಧಿಕಾರ ಯಾವ ಯಜಮಾನರಿಗೂ ಇಲ್ಲ. ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆಯು ಅನ್ವಯಿಸುವ ಮನೆಗಳಲ್ಲಿ, ಬಾಕಿಯನ್ನು ಕೇಳಿ ನೋಟೀಸು ತಲುಪಿದ ಮೇಲೆ ಸಲ್ಲಿಸಲು ಎರಡು ತಿಂಗಳ ಅವಕಾಶವುಂಟು. ಹೆಚ್ಚು ಬಾಡಿಗೆಯ ಮನೆಗಳು ಆ ಕಾಯಿದೆಗೆ ಹೊರಗಾಗಿವೆ. ಅಲ್ಲಿಯೂ ಬಿಡಿಸಬೇಕಾದರೆ ನ್ಯಾಯಾಲಯಕ್ಕೇ ಹೋಗಬೇಕು. ಕಾನೂನನ್ನು ಮೀರಿ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಮರಳಿ ಸ್ವಾಧೀನವನ್ನು ಪಡೆಯಲು ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯಲ್ಲಿ ದಾರಿಯಿದೆ. ಆದರೆ ನ್ಯಾಯಾಲಯದ ಮೆಟ್ಟಿಲು ಕೊನೆಯ ಮೆಟ್ಟಿಲು. ಜಗಲಿಯ ಮೆಟ್ಟಿಲು ಮೊದಲನೆಯದು. ಅದನ್ನು ಹತ್ತಲು ಅಂಜಬಾರದು.

ತರುಣರಿಗೆ ನಮ್ಮ ಬಿನ್ನಹವಿಷ್ಟು. ತಾರೀಖು ಮೀರುವ ಮೊದಲೇ ಯಜಮಾನರನ್ನು ಕಾಣಿರಿ. ಇರುವಷ್ಟನ್ನು ಕೊಟ್ಟು ರಸೀತಿಯನ್ನು ಪಡೆಯಿರಿ. ಉಳಿದುದಕ್ಕೆ ನಡೆಸಬಲ್ಲ ದಿನವನ್ನೇ ಹೇಳಿರಿ, ಮೆಚ್ಚಿಸುವ ದಿನವನ್ನಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಪಾಠ ಹೇಳಿಕೊಡಲು ಸಿದ್ಧರೆಂದು ತಿಳಿಸಿರಿ. ಮುಂದೆ ದಿವಾನರಾದವರು ಮಾಡಿದ ಕೆಲಸವನ್ನು ಮಾಡಲು ನಿಮಗೇಕೆ ಸಂಕೋಚ? ಇಬ್ಬರು ಮೂವರು ಕೂಡಿ ಒಂದೇ ಕೊಠಡಿಯಲ್ಲಿದ್ದರೆ ಭಾರ ಹಂಚಿಹೋಗುತ್ತದೆ. ಬಾಡಿಗೆಗಾಗಿ ಬಡ್ಡಿಯ ಸಾಲವನ್ನು ಮಾತ್ರ ಮಾಡಬೇಡಿರಿ. ಒಂದು ಬಾಕಿಯನ್ನು ತೀರಿಸಲು ಎರಡನ್ನು ಹುಟ್ಟಿಸಿದಂತಾಗುತ್ತದೆ.

ಯಜಮಾನರಿಗೂ ಒಂದು ಮಾತು. ನಿಮ್ಮಲ್ಲಿ ಅನೇಕರು ನಿವೃತ್ತರು, ಆ ಬಾಡಿಗೆಯಿಂದಲೇ ಔಷಧವನ್ನು ಕೊಳ್ಳುವವರು. ನಿಮ್ಮ ಕಷ್ಟವನ್ನು ನಾವು ಬಲ್ಲೆವು. ಆದರೂ ಸತ್ಯವನ್ನು ಹೇಳಿ ಎದುರು ನಿಂತ ಹುಡುಗನಿಗೆ ಒಂದು ತಿಂಗಳ ಅವಕಾಶವನ್ನು ಕೊಡಿರಿ. ಬೆಂಗಳೂರಿನಲ್ಲಿ ಒಂದು ಮನೆಯವರು ಒಬ್ಬ ಬಡ ವಿದ್ಯಾರ್ಥಿಗೆ ಮಲಗಲು ಸ್ಥಳ ಕೊಟ್ಟಾಗ, ಆತನು ಮುಂದೆ ಏನಾಗುವನೆಂಬುದನ್ನು ಅವರು ಕಂಡಿರಲಿಲ್ಲ. ನಿಮ್ಮ ಮಹಡಿಯ ಕೊಠಡಿಯಲ್ಲಿರುವವನು ಏನಾಗುವನೆಂಬುದನ್ನು ನೀವೂ ಕಂಡಿಲ್ಲ.