ಫ್ರೌನ್‌ಬರ್ಗಿನ ಕ್ಯಾನನ್ ನಿಕೊಲಾಸ್ ಕೋಪರ್ನಿಕಸ್

ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ಸಾರಿದ ನಿಕೊಲಾಸ್ ಕೋಪರ್ನಿಕಸ್ ಅವರ ಬಗ್ಗೆ ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಆದರೆ ಅವರು ಜೀವನದ ಬಹುಭಾಗವನ್ನು ಕ್ಯಾಥೊಲಿಕ್ ಧರ್ಮಸಭೆಯ ಸೇವೆಯಲ್ಲಿ ಕಳೆದವರು ಎಂಬುದು ಅನೇಕರಿಗೆ ತಿಳಿದಿಲ್ಲ.

1473ರ ಫೆಬ್ರವರಿ 19ರಂದು ತೋರುನ್ ಪಟ್ಟಣದ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಸೋದರಮಾವ ಲೂಕಾಸ್ ವಾಟ್ಜೆನ್‌ರೋಡ್ ಅವರನ್ನು ಓದಿಸಿದರು. ವಾರ್ಮಿಯಾದ ಬಿಷಪರಾದ ಮಾವನ ಪ್ರಭಾವದಿಂದಲೇ ಅಳಿಯನಿಗೆ ಫ್ರೌನ್‌ಬರ್ಗ್ ಕ್ಯಾಥೆಡ್ರಲಿನ ಕ್ಯಾನನ್ ಹುದ್ದೆ, ಅಂದರೆ ಕ್ಯಾಥೆಡ್ರಲಿನ ಆಡಳಿತ ಮಂಡಳಿಯ ಸದಸ್ಯತ್ವ ದೊರೆಯಿತು. ಆ ಕಾಲದಲ್ಲಿ ಇದು ಸಾಮಾನ್ಯವಾಗಿತ್ತು. ಕ್ರಾಕೋವ್, ಬೊಲೊನಾ, ಪಾದುವಾಗಳಲ್ಲಿ ಕಲಿತು, 1503ರಲ್ಲಿ ಫೆರಾರಾದಲ್ಲಿ ಧರ್ಮಸಭೆಯ ಕಾನೂನಿನಲ್ಲಿ ಡಾಕ್ಟರೇಟ್ ಪಡೆದರು.

ಫ್ರೌನ್‌ಬರ್ಗ್ ಎಂದರೆ ಮರಿಯ ಮಾತೆಯ ನಗರ. ಬಾಲ್ಟಿಕ್ ಕರಾವಳಿಯ ಹಿನ್ನೀರಿನ ದಡದಲ್ಲಿರುವ ಈ ಪುಟ್ಟ ಊರು ಆಗ ಪೋಲೆಂಡಿನ ರಾಜನ ಅಧೀನದಲ್ಲಿತ್ತು. 1772ರಲ್ಲಿ ಪ್ರಶ್ಯದ ವಶವಾಗಿ ಪೂರ್ವ ಪ್ರಶ್ಯಕ್ಕೆ ಸೇರಿತು. 1945ರಲ್ಲಿ ಯುದ್ಧದಿಂದ ಹಾಳಾಗಿ ಮತ್ತೆ ಪೋಲೆಂಡಿಗೆ ಬಂತು. ಈಗಿನ ಹೆಸರು ಫ್ರೊಂಬೋರ್ಕ್.

ಇಲ್ಲಿ ಕೋಪರ್ನಿಕಸ್ ಅವರಿಗೆ ನಕ್ಷತ್ರ ನೋಡುವುದಷ್ಟೇ ಕೆಲಸವಾಗಿರಲಿಲ್ಲ. ಮಂಡಳಿಯ ಜಮೀನುಗಳ ಉಸ್ತುವಾರಿಗೆ ಆಲೆನ್‌ಸ್ಟೈನ್ ಕೋಟೆಯಲ್ಲಿದ್ದಾಗ, ಯಾವ ಒಕ್ಕಲು ಹೊಲ ಬಿಟ್ಟುಹೋದ, ಅದು ಯಾರ ಪಾಲಾಯಿತು ಎಂಬುದನ್ನು ಸ್ವಂತ ಕೈಯಿಂದ ಬರೆದಿಟ್ಟರು. 1520ರಲ್ಲಿ ಟ್ಯೂಟಾನಿಕ್ ಸಂಘದ ಸೈನಿಕರು ಫ್ರೌನ್‌ಬರ್ಗ್ ಪಟ್ಟಣಕ್ಕೆ ಬೆಂಕಿಯಿಟ್ಟರು. ಆ ಯುದ್ಧದಲ್ಲಿ ಆಲೆನ್‌ಸ್ಟೈನ್ ಕೋಟೆಯ ರಕ್ಷಣೆಗೂ ಅವರೇ ನಿಂತರು. ವೈದ್ಯರೂ ಆಗಿದ್ದ ಅವರು 1541ರಲ್ಲಿ ಡ್ಯೂಕ್ ಆಲ್ಬರ್ಟ್ ಅವರ ಕೋರಿಕೆಯಂತೆ ಕೋನಿಗ್ಸ್‌ಬರ್ಗಿಗೆ ಹೋಗಿ ಅಧಿಕಾರಿಯೊಬ್ಬರಿಗೆ ಚಿಕಿತ್ಸೆ ನೀಡಿದರು. ಈ ಆಲ್ಬರ್ಟ್ ಯಾರೆಂದರೆ, 1520ರಲ್ಲಿ ದಾಳಿ ಮಾಡಿದ ಅದೇ ಸಂಘದ ಮುಖ್ಯಸ್ಥ. ಅಷ್ಟರಲ್ಲಿ ಲುಥರನ್ ಆಗಿದ್ದರು!

ತಮ್ಮ ಗ್ರಂಥವನ್ನು ಅಚ್ಚಿಗೆ ಕೊಡಲು ಕೋಪರ್ನಿಕಸ್ ವರ್ಷಗಟ್ಟಲೆ ಹಿಂಜರಿದರು. 1539ರಲ್ಲಿ ಬಂದ ರೆಟಿಕಸ್ ಎಂಬ ಯುವ ಲುಥರನ್ ಅಧ್ಯಾಪಕರ ಒತ್ತಾಸೆಯಿಂದ ಅದು 1543ರಲ್ಲಿ ನ್ಯೂರೆಂಬರ್ಗಿನಲ್ಲಿ ಪ್ರಕಟವಾಯಿತು. ಅರ್ಪಣೆ ಪೋಪ್ ಮೂರನೇ ಪೌಲ್ ಅವರಿಗೆ. ಅದೇ ವರ್ಷ ಮೇ 24ರಂದು ಲೇಖಕರು ನಿಧನರಾದರು.

ಪೋಪರಿಗೆ ಅರ್ಪಿತವಾದ ಈ ಪುಸ್ತಕವನ್ನೇ 1616ರಲ್ಲಿ ರೋಮ್, ತಿದ್ದುಪಡಿಯಾಗುವವರೆಗೆ ಓದಬಾರದೆಂದು ತಡೆಹಿಡಿಯಿತು. ನಿಷೇಧಿತ ಪುಸ್ತಕಗಳ ಪಟ್ಟಿಯಿಂದ ಅದರ ಹೆಸರು ಹೋದದ್ದು 1835ರಲ್ಲಿ. ಇದು ನಾವು ಮರೆಮಾಚಬೇಕಾದ ಸಂಗತಿಯಲ್ಲ.

ಅವರನ್ನು ಕ್ಯಾಥೆಡ್ರಲಿನ ಒಳಗೇ ಹೂಳಿದ್ದರೂ ಜಾಗ ಯಾವುದೆಂದು ಮರೆತುಹೋಗಿತ್ತು. 2005ರಲ್ಲಿ ಪೀಠವೊಂದರ ಬಳಿ ಅಗೆದಾಗ ಸುಮಾರು 70 ವರ್ಷದ ವೃದ್ಧರ ತಲೆಬುರುಡೆ ಸಿಕ್ಕಿತು. ಅವರು ಬಳಸುತ್ತಿದ್ದ ಪುಸ್ತಕವೊಂದು ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಅದರ ಹಾಳೆಗಳ ನಡುವೆ ಸಿಕ್ಕಿದ ಕೂದಲಿನ ಡಿಎನ್‌ಎ ಈ ಅಸ್ಥಿಗೆ ಹೊಂದಿಕೆಯಾಯಿತು. 2010ರ ಮೇ 22ರಂದು ಅದೇ ಕ್ಯಾಥೆಡ್ರಲಿನಲ್ಲಿ ಬಲಿಪೂಜೆಯೊಂದಿಗೆ ಅವರನ್ನು ಮತ್ತೆ ಸಮಾಧಿ ಮಾಡಲಾಯಿತು. ಸಮಾಧಿಯ ಕಪ್ಪು ಕಲ್ಲಿನ ಮೇಲೆ ಚಿನ್ನದ ಬಣ್ಣದ ಸೂರ್ಯ, ಸುತ್ತಲೂ ಆರು ಗ್ರಹಗಳಿವೆ.