ಗುಂಡನ್ನು ಹುಡುಕಹೊರಟ ಗ್ರಹಾಂ ಬೆಲ್

ಮಕ್ಕಳೇ, ಕಣಗಲಾ, ಹುಕ್ಕೇರಿ, ಗೋಕಾಕ ಕಡೆಯಿಂದ ಬೆಳಗಾವಿಗೆ ಹೋದಾಗ ರೈಲು ನಿಲ್ದಾಣದಲ್ಲಿ ಪೊಲೀಸರು ಚೀಲಗಳ ಮೇಲೆ ಒಂದು ಸಾಧನವನ್ನು ಆಡಿಸುವುದನ್ನು ನೋಡಿದ್ದೀರಾ? ಒಳಗೆ ಲೋಹವಿದ್ದರೆ ಅದು ಸದ್ದು ಮಾಡುತ್ತದೆ. ಅದೇ ಲೋಹಶೋಧಕ. ಇಂಥದೊಂದು ಸಾಧನ ಬಳಸಿ ಒಂದು ಜೀವ ಉಳಿಸಲು ಹೆಣಗಿದವರು ದೂರವಾಣಿ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್.

ಬೆಲ್ ಜನಿಸಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ತಂದೆ ಮಾತು ಕಲಿಸುವ ಶಿಕ್ಷಕರು. ಹೀಗಾಗಿ ಬಾಲಕನಿಗೆ ಧ್ವನಿಯ ಬಗ್ಗೆ ಚಿಕ್ಕಂದಿನಿಂದಲೇ ಕುತೂಹಲ. 1871ರಲ್ಲಿ ಅವರು ಅಮೆರಿಕದ ಬಾಸ್ಟನ್ನಿಗೆ ಬಂದು ಕಿವುಡ ಮಕ್ಕಳಿಗೆ ಪಾಠ ಹೇಳತೊಡಗಿದರು. 1876ರಲ್ಲಿ ದೂರವಾಣಿಗೆ ಪೇಟೆಂಟ್ ಪಡೆದರು.

1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೇಲೆ ಗುಂಡಿನ ದಾಳಿ ನಡೆಯಿತು. ಒಂದು ಗುಂಡು ದೇಹದೊಳಗೇ ಉಳಿಯಿತು. ಅದು ಎಲ್ಲಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಆಗಿನ್ನೂ ಕ್ಷ-ಕಿರಣ ಪತ್ತೆಯಾಗಿರಲಿಲ್ಲ. ಬೆಲ್ ಸಹಾಯಕ್ಕೆ ಮುಂದಾದರು.

ಅವರ ಸಾಧನದಲ್ಲಿ ಎರಡು ತಂತಿಸುರುಳಿಗಳಿದ್ದವು. ಒಂದರಲ್ಲಿ ಬದಲಾಗುತ್ತಿರುವ ವಿದ್ಯುತ್ ಹರಿಸಿದರೆ ಅದರ ಸುತ್ತ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಅದರ ಪ್ರಭಾವ ಎರಡನೆಯ ಸುರುಳಿಯಲ್ಲಿ ಸೊನ್ನೆಯಾಗುವಂತೆ ಎರಡನ್ನೂ ಹೊಂದಿಸಿಟ್ಟರೆ ದೂರವಾಣಿಯಲ್ಲಿ ಸದ್ದಿಲ್ಲ. ಲೋಹವೊಂದು ಹತ್ತಿರ ಬಂದರೆ ಸಮತೋಲನ ತಪ್ಪಿ ಸದ್ದು ಕೇಳುತ್ತದೆ. ಇನ್ನಷ್ಟು ಆಳದಲ್ಲಿರುವ ಲೋಹವೂ ಸಿಗಲೆಂದು ಬೆಲ್ ಸುರುಳಿಗಳನ್ನು ಬದಲಿಸಿ ಬದಲಿಸಿ ನೋಡಿದರು. ಯುದ್ಧದಲ್ಲಿ ಗುಂಡು ತಗುಲಿ, ಅದು ಮೈಯಲ್ಲೇ ಉಳಿದಿದ್ದ ಹಳೆಯ ಸೈನಿಕರ ಮೇಲೂ ಪ್ರಯೋಗಿಸಿದರು. ಸಾಧನ ಕೆಲಸ ಮಾಡಿತು!

ಆದರೆ ಜುಲೈ 26ರಂದು ಅಧ್ಯಕ್ಷರ ಬಳಿ ಬರೀ ಗರಗರ ಸದ್ದು. ಒಂದು ಭಾಗವನ್ನು ತಪ್ಪಾಗಿ ಜೋಡಿಸಲಾಗಿತ್ತು. ಆಗಸ್ಟ್ 1ರಂದು ಮತ್ತೆ ಯತ್ನಿಸಿದರು. ಈ ಬಾರಿ ಸದ್ದು ಒಂದೇ ಬಿಂದುವಿನಲ್ಲಿ ಬಾರದೆ ಅಗಲ ಜಾಗದಲ್ಲೆಲ್ಲ ಕೇಳಿತು. ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳ ಇನ್ನೊಂದು ಹಾಸಿಗೆ ಇದ್ದದ್ದು ಆಮೇಲೆ ತಿಳಿಯಿತು. ಬೆಲ್ ಅಂಥದೇ ಹಾಸಿಗೆ ತರಿಸಿ, ಅದೇ ಕಾರಣವೇ ಎಂದು ಪರೀಕ್ಷಿಸಿದರು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಗುಂಡು ಇದ್ದದ್ದು ವೈದ್ಯರು ನಂಬಿದ್ದ ಬಲಬದಿಯಲ್ಲಲ್ಲ, ಎಡಬದಿಯಲ್ಲಿ. ಅದೂ ಬಹಳ ಆಳದಲ್ಲಿ.

ಬೆಲ್ ಕೈಚೆಲ್ಲಲಿಲ್ಲ. ದೂರವಾಣಿಗೆ ಜೋಡಿಸಿದ ಸೂಜಿಯೊಂದನ್ನು ರೂಪಿಸಿದರು. ಗುಂಡಿಗೆ ತಾಗಿದರೆ ಅದು ಸದ್ದು ಮಾಡುತ್ತಿತ್ತು. ಕ್ಷ-ಕಿರಣ ಬಳಕೆಗೆ ಬರುವ ಮೊದಲು ಅದು ವೈದ್ಯರಿಗೆ ನೆರವಾಯಿತು. ಬೆಲ್ 1922ರ ಆಗಸ್ಟ್ 2ರಂದು ನಿಧನರಾದರು. ಧ್ವನಿಯ ಮಟ್ಟವನ್ನು ಅಳೆಯುವ ಡೆಸಿಬೆಲ್‌ನಲ್ಲಿ ಅವರ ಹೆಸರು ಉಳಿದಿದೆ.

ಇಂದಿಗೂ ಲೋಹಶೋಧಕ ಬಳಸುವವರು ಅದೇ ಪಾಠ ಪಾಲಿಸುತ್ತಾರೆ. ಕೈಯಲ್ಲಿನ ಉಂಗುರ, ಕಡಗ ತೆಗೆದಿಡುತ್ತಾರೆ. ಸುರುಳಿಯನ್ನು ನೆಲಕ್ಕೆ ಹತ್ತಿರವಾಗಿ, ನಿಧಾನವಾಗಿ ಆಡಿಸುತ್ತಾರೆ. ದೊಡ್ಡ ಸುರುಳಿ ಹೆಚ್ಚು ಆಳ ತಲುಪುತ್ತದೆ. ಆದರೆ ಸಣ್ಣ ವಸ್ತು ತಪ್ಪಿಹೋಗಬಹುದು. ಮಣ್ಣೂ ಮೋಸ ಮಾಡಬಲ್ಲದು. ನಮ್ಮ ಜಿಲ್ಲೆಯಲ್ಲಿ ಹರಡಿರುವ ಬಸಾಲ್ಟ್ ಕಲ್ಲಿನಲ್ಲಿ ಕಬ್ಬಿಣದ ಖನಿಜಗಳಿವೆ. ಆದ್ದರಿಂದ ಮೊದಲು ಆಯಾ ನೆಲಕ್ಕೆ ಸಾಧನವನ್ನು ಹೊಂದಿಸಿಕೊಳ್ಳಬೇಕು.

ಸಾಧನ ಚೆನ್ನಾಗಿದ್ದರೆ ಸಾಲದು, ಹುಡುಕುವ ಜಾಗವನ್ನೂ ಅದರ ಸುತ್ತಮುತ್ತಲನ್ನೂ ಗಮನಿಸಬೇಕು ಅಲ್ಲವೇ?