ವಿದುರಾಶ್ವತ್ಥದ ನೆತ್ತರು, ಮಹಾತ್ಮರ ಲೇಖನಿ

ಅರಸನಿಗೆ ಅಪ್ರಿಯವಾದರೂ ಹಿತವನ್ನೇ ನುಡಿದವನು ವಿದುರ. ಆತನು ನೆಟ್ಟನೆಂದು ಜನರು ನಂಬುವ ಅಶ್ವತ್ಥವೃಕ್ಷದಿಂದ ಹೆಸರಾದ ಕ್ಷೇತ್ರವು ಗೌರಿಬಿದನೂರು ತಾಲ್ಲೂಕಿನಲ್ಲಿ ಉತ್ತರಪಿನಾಕಿನಿಯ ತೀರದಲ್ಲಿದೆ. ಆಪ್ತಮಿತ್ರರೊಬ್ಬರಿಗೆ ಅಂಥದೇ ಹಿತವನ್ನು ಹೇಳಬೇಕಾದ ಪ್ರಸಂಗವು ಮಹಾತ್ಮಾ ಗಾಂಧಿಯವರಿಗೆ 1938ರಲ್ಲಿ ಈ ಕ್ಷೇತ್ರದ ನಿಮಿತ್ತವಾಗಿಯೇ ಒದಗಿತು.

1869ರಲ್ಲಿ ಪೋರಬಂದರಿನಲ್ಲಿ ಜನಿಸಿ, ದಕ್ಷಿಣ ಆಫ್ರಿಕದಲ್ಲಿ ಸತ್ಯಾಗ್ರಹದ ಮಾರ್ಗವನ್ನು ಕಂಡುಕೊಂಡು, ಅಸ್ಪೃಶ್ಯತಾನಿವಾರಣೆಯನ್ನು ವ್ರತವಾಗಿ ಹಿಡಿದ ಅವರ ಚರಿತ್ರೆಯು ಸರ್ವವಿದಿತವಾದುದು. ಮೈಸೂರಿನೊಡನೆ ಅವರಿಗಿದ್ದ ಬಾಂಧವ್ಯವನ್ನು ಮಾತ್ರ ನೆನೆಯುವವರು ಕಡಮೆ. 1927ರಲ್ಲಿ ದೇಹಾಲಸ್ಯದಿಂದ ಬಳಲಿದ ಅವರು ವಿಶ್ರಾಂತಿಗೆಂದು ಬಂದುದು ನಂದಿಬೆಟ್ಟಕ್ಕೆ. ಅನಂತರ ಬೆಂಗಳೂರಿನಲ್ಲಿಯೂ ತಂಗಿದ್ದರು. 1936ರಲ್ಲಿ ಮತ್ತೊಮ್ಮೆ ಅದೇ ಬೆಟ್ಟವನ್ನೇರಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಅವರ ಸ್ನೇಹಿತರು; ಇಬ್ಬರಿಗೂ ಪತ್ರವ್ಯವಹಾರವು ನಡೆಯುತ್ತಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯನ್ನು ರಾಮರಾಜ್ಯವೆಂದು ಕೊಂಡಾಡಿದವರೂ ಗಾಂಧಿಯವರೇ.

ಅಂಥ ರಾಜ್ಯದಲ್ಲಿ ರಾಷ್ಟ್ರಧ್ವಜವನ್ನೇರಿಸುವುದು ಅಪರಾಧವೆನಿಸಿತು! 1938ರ ಏಪ್ರಿಲಿನಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಶಿವಪುರದಲ್ಲಿ ಧ್ವಜವೇರಿತು, ಬಂಧನಗಳಾದುವು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ನೆರೆದಿದ್ದ ಜನಸಂದಣಿಯ ಮೇಲೆ ಪೋಲೀಸರು ಗುಂಡು ಹಾರಿಸಿದರು. ಮಡಿದವರು 10 ಮಂದಿಯೆಂಬುದು ಸರ್ಕಾರದ ಲೆಕ್ಕ. ಜನರ ಲೆಕ್ಕದಲ್ಲಿ 32.

ಇತ್ತ ಸ್ನೇಹವುಂಟು, ಹಿಂದೆ ತಾವೇ ಆಡಿದ ಹೊಗಳಿಕೆಯೂ ಉಂಟು. ಸುಮ್ಮನಿರುವುದು ಎಷ್ಟು ಸುಲಭ! ಆದರೆ ಗಾಂಧಿಯವರು ಖಾಸಗಿಯ ಓಲೆಗೆ ಇದನ್ನು ಬಿಡದೆ, ಪತ್ರಿಕೆಗಳಿಗೆ ಹೇಳಿಕೆಯನ್ನೇ ಬರೆದುಕೊಟ್ಟರು. ಮಹಾರಾಜರನ್ನೂ ಮಿರ್ಜಾರವರನ್ನೂ ಉಲ್ಲೇಖಿಸಿ, ನಿರಂಕುಶಾಧಿಕಾರವನ್ನು ತ್ಯಜಿಸಿ ರಾಜ್ಯದ ಹೊಣೆಯನ್ನು ಪ್ರಜೆಗಳಿಗೆ ಒಪ್ಪಿಸಬೇಕೆಂದು ತಿಳಿಸಿದರು. ಬಿಜ್ಜಳನ ಭಂಡಾರಿಯಾಗಿದ್ದೂ ಶರಣರ ಪಕ್ಷವನ್ನು ಬಿಡದ ಬಸವಣ್ಣನವರ ಇಕ್ಕಟ್ಟನ್ನು ಬಲ್ಲವರಿಗೆ, ಆ ಬರೆವಣಿಗೆ ಎಷ್ಟು ಭಾರವಾದುದೆಂಬುದು ತಿಳಿಯದಿರದು. ಹಗೆಯನ್ನು ಖಂಡಿಸುವುದಕ್ಕೆ ಬೇಕಾದ ಧೈರ್ಯಕ್ಕಿಂತ ಗೆಳೆಯನನ್ನು ತಿದ್ದುವುದಕ್ಕೆ ಬೇಕಾದುದು ಹೆಚ್ಚು.

ಸರ್ದಾರ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ದಿವಾನರೊಡನೆ ಮಾತುಕತೆ ನಡೆದು ಮೇ ತಿಂಗಳಲ್ಲಿ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು. ರಾಷ್ಟ್ರಧ್ವಜವು ಸಂಸ್ಥಾನದ ಧ್ವಜದ ಜೊತೆಯಲ್ಲಿ ಹಾರಬಹುದೆಂದಾಯಿತು. ಗಾಂಧಿಯವರು ಕೇಳಿದ್ದ ಪ್ರಜಾಸರ್ಕಾರ ಮಾತ್ರ ಬರಲಿಲ್ಲ. ಅದಕ್ಕೆ ಮೈಸೂರು ಚಲೋ ಚಳವಳಿಯೇ ನಡೆಯಬೇಕಾಯಿತು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಾಗ 1947ರ ಅಕ್ಟೋಬರು. ಮೂರು ತಿಂಗಳು ಕಳೆದು, 1948ರ ಜನವರಿ 30ರ ಸಂಜೆ, ದೆಹಲಿಯಲ್ಲಿ ಪ್ರಾರ್ಥನೆಗೆ ಹೊರಟಿದ್ದ ಗಾಂಧಿಯವರೂ ಗುಂಡಿಗೆ ಬಲಿಯಾದರು.